ಯಾರೂ ತಿನ್ನದ ಮಾಂಸ

ನನ್ನ ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅತ್ತೆ ನನಗಿಂತ ಮೊದಲು ಎದ್ದು ಒಲೆ ಹೊತ್ತಿಸಿದ್ದರು. ಹಿಂದಿನ ದಿನ ಅಡುಗೆಮನೆ ತುಂಬಿದ್ದ ಹೆಂಗಸರು ಯಾರೂ ಇರಲಿಲ್ಲ. ಊರೊಟ್ಟಿನ ಪ್ಲಾಸ್ಟಿಕ್ ಕುರ್ಚಿಗಳನ್ನು ಅಂಗಳದ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವುಗಳ ಮೇಲೆ ಕೋಳಿಯೊಂದು ಹತ್ತಿ ಕೂತಿತ್ತು. ಓಡಿಸಬೇಕು ಅನ್ನಿಸಲಿಲ್ಲ.

ಮಳೆನೀರಿನ ತೊಟ್ಟಿಯಿಂದ ಕೊಡ ತುಂಬಿಕೊಂಡು ಒಳಗೆ ಬಂದೆ. ಮರಗೆಣಸಿನ ಹಿಟ್ಟು ಹಬೆಯಲ್ಲಿ ಬೇಯುತ್ತಿತ್ತು. ಪಕ್ಕದ ಒಲೆಯ ಮೇಲೆ ಒಂದು ಮುಚ್ಚಿದ ಪಾತ್ರೆ. ನನ್ನ ಮಗಳು ಕಿನಾಂತಿ ತಟ್ಟೆ ಹಿಡಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಅದೇನು ಅತ್ತೆ, ಆ ಪಾತ್ರೇಲಿ?"

"ಸಾರು."

"ಯಾವ ಸಾರು?"

"ಮದುವೆ ಮನೆ ನೋಡು, ನಾಲ್ಕು ಥರ ಮಾಡಿಡೋಕೆ. ಅದೇ ಸಾರು. ದಿನಾ ಕುದಿಸಿ ಇಡ್ತಾ ಇದೀನಿ, ಕೆಟ್ಟಿಲ್ಲ."

ನಾನು ಬಟ್ಟೆ ಹಿಡಿದು ಪಾತ್ರೆ ಇಳಿಸಿದೆ. ಹಿತ್ತಿಲಿಗೆ ಒಯ್ಯಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ?"

"ಹೂಳೋಕೆ."

"ಮಾಂಸಾನ? ಹುಚ್ಚು ಹಿಡೀತೇನೇ ನಿನಗೆ? ನನ್ನ ಮಗ ಕೊಯ್ದ ಹಸು ಅದು."

"ಅದಕ್ಕೇ ಅತ್ತೆ."

ನಮ್ಮ ಹಸು ಮೇವು ಬಿಟ್ಟು ನಡುಗತೊಡಗಿದ್ದು ಹಿಂದಿನ ವಾರ. ಬೆಳಗಾಗುವಷ್ಟರಲ್ಲಿ ಏಳಲಾರದೆ ಬಿದ್ದಿತ್ತು. ಹಾಗಾದಾಗ ಈ ಸುಣ್ಣಕಲ್ಲಿನ ಗುಡ್ಡಗಳ ಮೇಲಿನ ಊರುಗಳಲ್ಲಿ ಒಂದು ಪದ್ಧತಿಯಿದೆ. ಪ್ರಾಣ ಹೋಗುವ ಮೊದಲೇ ಕೊಯ್ದು, ಮಾಂಸವನ್ನು ತೇಗದ ಎಲೆಗಳಲ್ಲಿ ಪೊಟ್ಟಣ ಕಟ್ಟುತ್ತಾರೆ. ಮನೆಗೊಂದು ಪೊಟ್ಟಣ ಒಯ್ದು ಕೈಲಾದದ್ದು ಕೊಡುತ್ತಾರೆ. ಹಸು ಹೋದ ನಷ್ಟ ಒಂದೇ ಮನೆಯ ಮೇಲೆ ಬೀಳಬಾರದು. ನನ್ನ ಗಂಡ ಯೊನೊ ಕೊಯ್ದರು. ಮೈದುನ ಜುಮಾದಿ ಕಾಲು ಹಿಡಿದ. ಅರ್ಧ ಊರು ನಮ್ಮ ಅಂಗಳದಲ್ಲಿ ಕೂತು ಕತ್ತರಿಸಿತು. ಆ ಸಂಜೆ ಎಲ್ಲ ಮನೆಗಳಿಂದಲೂ ಒಗ್ಗರಣೆ ವಾಸನೆ ಬರುತ್ತಿತ್ತು.

ಆಮೇಲೆ ಯೊನೊಗೆ ಜ್ವರ ಬಂತು, ಹೊಟ್ಟೆ ಉಬ್ಬಿತು, ರಕ್ತ ವಾಂತಿಯಾಯಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಇತ್ತೀಚೆಗೆ ದನಗಿನ ಏನಾದರೂ ಕೊಯ್ದಿದ್ದರಾ? ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಉತ್ತರ ಕೊಟ್ಟವರು ಅತ್ತೆ. "ನನ್ನ ಮಗ ಗಾರೆ ಕೆಲಸದೋನು ಸ್ವಾಮಿ, ಕಟುಕ ಅಲ್ಲ." ನಾನು ಬರುವ ಹೊತ್ತಿಗೆ ಯೊನೊ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಜುಮಾದಿ ಹಲ್ಲುಜ್ಜುತ್ತಾ ಹಿತ್ತಿಲಿಂದ ಬಂದ. ಪಾತ್ರೆಯನ್ನೂ ನಮ್ಮಿಬ್ಬರನ್ನೂ ನೋಡಿ ಬಾಯಿ ಮುಕ್ಕಳಿಸಿದ.

"ಕೊಡಿ ಅತ್ತಿಗೆ, ನಾನು ಗುಂಡಿ ತೋಡ್ತೀನಿ."

"ನೀನೂ ಇವಳ ಕಡೆ ಆದ್ಯಾ?" ಎಂದರು ಅತ್ತೆ.

"ನಾನು ಯಾರ ಕಡೆನೂ ಇಲ್ಲಮ್ಮ. ಆ ಹಸೂನ ನೋಡಿದ್ರೇ ಹೆದರಿಕೆ ಆಗುತ್ತೆ ನಂಗೆ. ಸತ್ತ ಮೇಲೂ."

ಕಿನಾಂತಿ ಅಳಲು ಶುರುಮಾಡಿದಳು. ಅವಳಿಗೆ ಮೊಟ್ಟೆ ಕರಿದುಕೊಟ್ಟೆ. ಅವಳು ಉಣ್ಣುವಾಗ ತೋಳು, ಕುತ್ತಿಗೆ, ಕಿವಿಯ ಹಿಂಭಾಗ ನೋಡಿದೆ. ಏನೂ ಇರಲಿಲ್ಲ. ಸಾರನ್ನು ಅವಳೂ ಉಂಡಿದ್ದಳು. ನಾವೆಲ್ಲರೂ ಉಂಡಿದ್ದೆವು.

ಆ ಸಂಜೆ ದೊಡ್ಡಮಾವ ಬಂದರು. ಅವರು ತೀರಿಹೋದ ನನ್ನ ಮಾವನ ಅಣ್ಣ. ಮನೆ ನಮ್ಮ ಬೇಲಿಯ ಆಚೆಗೇ. ಹಬ್ಬಕ್ಕೆ ಊರಿನ ಬಲಿ ಕೊಡುವವರು ಅವರೇ. ಹಿರಿಯರೆಂದು ಎಲ್ಲರೂ ಅವರ ಮಾತು ಕೇಳುತ್ತಾರೆ. ಕಾಫಿ ತಂದಿಟ್ಟೆ. ಲೋಟಕ್ಕೆ ಮುಚ್ಚಳ ಮುಚ್ಚಿ ಪಕ್ಕಕ್ಕೆ ಸರಿಸಿದರು.

"ಯಾರಾದ್ರೂ ಬಂದು ಕೇಳಿದ್ರೆ, ಹಸು ತಾನಾಗೇ ಸತ್ತಿತು, ಹೂತ್ವಿ. ಅಷ್ಟೇ. ಊರೆಲ್ಲಾ ಒಪ್ಪಿದೆ."

"ಯಾಕೆ ದೊಡ್ಡಮಾವ?"

"ಬಕ್ರೀದ್ ಹತ್ರ ಬಂತಲ್ಲ ತಾಯಿ. ರೋಗ ಅಂದ್ರೆ ದನದ ಸಂತೆ ಮುಚ್ತಾರೆ. ವರ್ಷವೆಲ್ಲಾ ಸಾಕಿದ ದನಾನ ಜನ ತಲೆ ಮೇಲೆ ಹೊತ್ಕೊಂಡು ತಿರುಗಬೇಕಾ?"

"ಇವರಿಗೆ ಬಂದದ್ದು ಬೇರೆಯವರಿಗೂ ಬಂದ್ರೆ?"

"ಯೊನೊಗೆ ಜ್ವರ ಬಂದಿತ್ತು. ಜ್ವರ ಎಲ್ಲರಿಗೂ ಬರುತ್ತೆ." ಕಾಫಿ ಕುಡಿದು ಮುಗಿಸಿ ಎದ್ದರು. ಬಾಗಿಲಲ್ಲಿ ಕಿನಾಂತಿ ಅವರಿಗೆ ಟೋಪಿ ಕೊಡಲು ಎಡಗೈ ಚಾಚಿದಳು. "ಯಾವ ಕೈ ಪುಟ್ಟಾ?" ಎಂದರು. ಅವಳು ಕೈ ಬದಲಿಸುವವರೆಗೂ ಕಾದು, ತಲೆ ಸವರಿ ಹೋದರು.

ಯೊನೊ ಅವರ ರಕ್ತ ಪರೀಕ್ಷೆಯ ಫಲಿತಾಂಶ ಬಂದದ್ದೇ ತಡ, ಜೀಪುಗಳು ಗುಡ್ಡ ಹತ್ತಿದವು. ಒಂದರಲ್ಲಿ ಜಿಲ್ಲೆಯ ಆರೋಗ್ಯ ಇಲಾಖೆಯವರು, ಇನ್ನೊಂದರಲ್ಲಿ ಯೋಗ್ಯಕರ್ತ ನಗರದಿಂದ ಬಂದ ಸಂಶೋಧಕರು. ಬಿಳಿ ಮೇಲಂಗಿ, ಮುಖಗವಸು ತೊಟ್ಟವರು ನಮ್ಮ ಕೊಟ್ಟಿಗೆಯ ಮಣ್ಣನ್ನು ಚಮಚದಲ್ಲಿ ತೆಗೆದು ಸೀಸೆಗಳಿಗೆ ತುಂಬಿದರು. ಆಮೇಲೆ ಅಂಗಳಕ್ಕೆಲ್ಲ ಕಣ್ಣುರಿಸುವ ಏನನ್ನೋ ಸಿಂಪಡಿಸಿದರು. ಬೇಲಿಯಾಚೆ ಜನ ನಿಂತು ನೋಡುತ್ತಿದ್ದರು. ಹತ್ತಿರ ಯಾರೂ ಬರಲಿಲ್ಲ.

"ನೆರಡಿ ರೋಗ, ತಾರಿ, ಆಂಥ್ರಾಕ್ಸ್ ಅಂತಾರಲ್ಲ, ಅದು," ಎಂದರು ಬು ಲಸ್ತ್ರಿ. ಪ್ರತಿ ತಿಂಗಳು ಊರಿನ ಮಕ್ಕಳನ್ನು ತೂಗುವ ಸ್ವಯಂಸೇವಕಿ ಅವರು; ಊರಿಗೆಲ್ಲ ‘ಬು’, ಅಂದರೆ ಅಮ್ಮ. ನನ್ನ ಪಕ್ಕ ಬಂದು ನಿಂತವರು ಅವರೊಬ್ಬರೇ. "ದನದಿಂದ ಮನುಷ್ಯನಿಗೆ ಬರೋದು. ನಾಳೆ ಸಭೆ ಇದೆ. ಬರ್ತೀಯಲ್ವಾ?"

"ನೀವು ತಿಂದ್ರಾ ಬು?"

ಅವರು ಬೇಲಿಯ ಕಡೆ ನೋಡಿದರು. "ನನ್ನ ಗಂಡ ಪೊಟ್ಟಣ ತಂದಿದ್ರು," ಎಂದು ಮೆಲ್ಲಗೆ ಹೇಳಿ ಬೇರೆಡೆಗೆ ಹೋದರು.

ಸಭೆ ಊರಿನ ಮಂಟಪದಲ್ಲಿ. ಎಲ್ಲರಿಗೂ ತಿಂಡಿಯ ಡಬ್ಬಿ ಕೊಟ್ಟರು. ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿ, ಒಂದು ತುಂಡು ಕೇಕು, ಕಡಲೆಕಾಯಿ. ಕಿರಿಯ ವೈದ್ಯೆಯೊಬ್ಬಳು ಪರದೆಯ ಮೇಲೆ ಚಿತ್ರ ತೋರಿಸಿದಳು. ನಡುವೆ ಕರ್ರಗಿದ್ದ ಒಂದು ಹುಣ್ಣು. ಹೆಂಗಸರು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡರು.

"ಕುದಿಸಿದ್ರೆ ಸಾಯುತ್ತೆ ಅಲ್ವಾ ಡಾಕ್ಟ್ರೇ?" ಯಾರೋ ಕೇಳಿದರು.

"ಮನೇಲಿ ಕುದಿಸೋ ಹಾಗೆ ಕುದಿಸಿದ್ರೆ ಸಾಲದು. ಮಣ್ಣಲ್ಲಿ ಹತ್ತಾರು ವರ್ಷ ಬದುಕಿರುತ್ತೆ. ಕೊಯ್ಯೋವಾಗ, ಕತ್ತರಿಸೋವಾಗ ಚರ್ಮದಿಂದ್ಲೂ ಒಳಗೆ ಹೋಗುತ್ತೆ."

"ಹಾಗಾದ್ರೆ ನಮ್ಮ ಹೆಂಡತೀರ ಅಡುಗೆ ತಿಂದು ನಾವು ಬದುಕಿರೋದೇ ಹೆಚ್ಚು!"

ಎಲ್ಲರೂ ನಕ್ಕರು. ವೈದ್ಯೆಯೂ ಸ್ವಲ್ಪ ನಕ್ಕಳು.

"ಪೊಲೀಸರಿಗೆ ನಾವು ಹೇಳಲ್ಲ. ತಿಂದೋರಿಗೆ, ಮುಟ್ಟಿದೋರಿಗೆ ಮಾತ್ರೆ ಇದೆ. ಈಗಲೇ ಶುರುಮಾಡಿದ್ರೆ ಉಳೀತಾರೆ. ಆದ್ರೆ ತಿಂದಿಲ್ಲ ಅನ್ನೋರಿಗೆ ನಾನು ಕೊಡೋ ಹಾಗಿಲ್ಲ. ಯಾರು ತಿಂದ್ರಿ, ಹೇಳಿ."

ಡಬ್ಬಿಗಳ ಸದ್ದು ನಿಂತಿತು.

"ಡಾಕ್ಟ್ರೇ," ಎಂದರು ದೊಡ್ಡಮಾವ ಮುಂದಿನ ಸಾಲಿನಿಂದ, ಬಹಳ ವಿನಯವಾಗಿ, "ನಮ್ಮೂರಲ್ಲಿ ದನದ ಮಾಂಸ ಅಂದ್ರೆ ಬಕ್ರೀದ್‌ಗೊಂದ್ಸಲ. ಮಿಕ್ಕ ದಿನ ಕನಸಲ್ಲಿ."

ಮತ್ತೆ ನಗು. ಬು ಲಸ್ತ್ರಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಕಿನಾಂತಿ ನನ್ನ ತೊಡೆಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು. ನಾನು ಕೈ ಎತ್ತಿದೆ. ಅತ್ತೆ ಮುಂಗೈ ಹಿಡಿದು ಕೆಳಗೆ ಜಗ್ಗಿದರು. ಬಿಡಿಸಿಕೊಂಡು ಮತ್ತೆ ಎತ್ತಿದೆ.

"ನಮ್ಮ ಮನೇಲಿ ನಾಲ್ಕು ಜನ ತಿಂದಿದೀವಿ."

"ಬೇರೆ ಯಾರು ತಿಂದ್ರು ಅಂತ ಗೊತ್ತಾ ನಿಮಗೆ?"

ಮಂಟಪದ ಮುಖಗಳೆಲ್ಲ ನನ್ನ ಕಡೆ ತಿರುಗಿದ್ದವು. ಪೊಟ್ಟಣ ಕಟ್ಟಿದ ಕೈಗಳು, ಒಯ್ದ ಕೈಗಳು, ನಿನ್ನೆ ಮೊನ್ನೆ ಯೊನೊಗೆ ಮಣ್ಣು ಹಾಕಿದ ಕೈಗಳು.

"ನಮ್ಮನೆ ವಿಷಯ ಮಾತ್ರ ಹೇಳ್ತೀನಿ," ಎಂದೆ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅತ್ತೆ ಶುರುಮಾಡಿದರು.

"ನಮ್ಮ ಹಸು ಬಿದ್ದಾಗ ಊರೇ ಎದ್ದು ಬಂತು. ನಮ್ಮ ಕಷ್ಟಕ್ಕೆ ಆಗಲಿ ಅಂತ ತಿಂದ್ರು ಅವರು. ಈಗ ಅವರ ಮುಖಕ್ಕೆ ಮಸಿ ಬಳಿದೆಯಲ್ಲೇ! ನನ್ನ ಮಗ ಊರಿಗೆ ವಿಷ ಹಾಕಿ ಸತ್ತ ಅಂತ ಆಯ್ತಲ್ಲೇ!"

"ನಾನು ಯಾರ ಹೆಸರೂ ಹೇಳ್ಲಿಲ್ಲ ಅತ್ತೆ."

"ಹೇಳೋದೇನು ಬೇಕು? ಯೂನಿವರ್ಸಿಟಿ ಓದಿದೋಳು ನೀನು. ನಾಲ್ಕು ಅಂದೆ. ಮಿಕ್ಕಿದ್ದನ್ನ ಅವರೇ ಲೆಕ್ಕ ಹಾಕ್ಕೋತಾರೆ."

ಜುಮಾದಿ ತನ್ನ ಮಾತ್ರೆಯನ್ನು ಬಾಯಿಗೆ ಎಸೆದುಕೊಂಡು ನೀರು ಕುಡಿದ. "ಒಳ್ಳೇ ದೊಡ್ಡದಿದೆ. ಹಸುಗೆ ಕೊಡಬೇಕಾದ್ದನ್ನ ನಮಗೆ ಕೊಟ್ಟಿದಾರೆ." ಯಾರೂ ನಗಲಿಲ್ಲ. ಕಿನಾಂತಿಗೆ ಸಕ್ಕರೆ ಬೆರೆಸಿ ಕುಡಿಸಿದೆ. ಅತ್ತೆ ತಮ್ಮ ಪಾಲಿನ ಮಾತ್ರೆಗಳನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದರು. "ನಾನು ತಿಂದಿಲ್ಲ," ಎಂದರು, ನಮ್ಮ ಮನೆಯೊಳಗೇ, ನಮ್ಮ ಮುಂದೆಯೇ.

ಏಳನೆಯ ದಿನದ ಪ್ರಾರ್ಥನೆಗೆ ಅತ್ತೆ ಬೆಳಗಿನಿಂದ ಅಡುಗೆ ಮಾಡಿದರು. ನಾನು ತೆಂಗು ತುರಿದೆ. ಅನ್ನ, ಸೋಯಾ ಕಾಳಿನ ಹುರಿದ ತೆಂಪೆ, ಶ್ಯಾವಿಗೆ, ಮೊಟ್ಟೆ. ಮಾಂಸ ಇರಲಿಲ್ಲ. ಬಂದವರು ಮನೆಗೆ ಒಯ್ಯಲೆಂದು ಎಲ್ಲವನ್ನೂ ಬಿದಿರಿನ ಡಬ್ಬಿಗಳಿಗೆ ತುಂಬಿ ಸಾಲಾಗಿ ಜೋಡಿಸಿದೆವು. ಯಾರೂ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಗಂಡಸರೆಲ್ಲ ಬಂದರು. ಚಾಪೆ ತುಂಬಿತು. ದೊಡ್ಡಮಾವನ ಧ್ವನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅತ್ತೆ ಒಳಗೆ ನಿಂತು ಕಣ್ಣೊರೆಸಿಕೊಂಡರು. "ನೋಡು, ಬಂದ್ರು," ಎಂದು ನನ್ನ ತೋಳು ತಟ್ಟಿದರು.

ಪ್ರಾರ್ಥನೆ ಮುಗಿಯಿತು. ಅವರು ಎದ್ದು, ಜುಮಾದಿಯ ಕೈ ಮುಟ್ಟಿ, ಒಬ್ಬೊಬ್ಬರಾಗಿ ಹೊರಟರು. ನಾವು ಹೊರಗೆ ಬಂದು ನೋಡಿದರೆ ಡಬ್ಬಿಗಳು ಇಟ್ಟಲ್ಲೇ ಇದ್ದವು. ಪ್ರತಿಯೊಬ್ಬರ ಮುಂದೆ ಇಟ್ಟ ಡಬ್ಬಿ, ಅವರು ಕೂತ ಜಾಗದ ಎದುರೇ. ಒಂದನ್ನೂ ಯಾರೂ ಎತ್ತಿರಲಿಲ್ಲ.

"ಮಾಂಸಾನೇ ತಿನ್ನದೋರು," ಎಂದ ಜುಮಾದಿ, "ನಮ್ಮ ತೆಂಪೆಗೆ ಯಾಕೆ ಹೆದರಬೇಕು?"

ಅತ್ತೆ ಚಾಪೆಯ ಮೇಲೆ ಕೂತರು. ಆಮೇಲೆ ಒಂದು ಡಬ್ಬಿ ತೆಗೆದು ಉಣ್ಣತೊಡಗಿದರು. ನಾವೂ ಕೂತೆವು. ಮರುದಿನವೂ ಅದನ್ನೇ ಉಂಡೆವು. ಉಳಿದದ್ದು ಕೋಳಿಗಳಿಗೆ ಹೋಯಿತು.

ಊರಿನ ಅಂಗಡಿಯವಳು ನನಗೆ ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಡುತ್ತಿದ್ದಳು. ನಾನು ಕಲಿಸುವ ಶಾಲೆಯಲ್ಲಿ ಇನ್ನೂ ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದರು. ಪ್ರತಿ ಬೆಳಿಗ್ಗೆ ಮಗಳ ಬಟ್ಟೆ ಬಿಚ್ಚಿ ಬೆಳಕಿಗೆ ನಿಲ್ಲಿಸಿ ಮೈಯೆಲ್ಲ ನೋಡುವುದೇ ನನ್ನ ಮೊದಲ ಕೆಲಸವಾಯಿತು. "ಸಂತೇಲಿ ಕರು ನೋಡೋ ಹಾಗೆ ನೋಡ್ತಾಳೆ," ಎಂದು ಅತ್ತೆ ಗೊಣಗುತ್ತಿದ್ದರು. ಆದರೆ ನಾನು ತೊಟ್ಟಿಯ ಬಳಿ ಇದ್ದಾಗ ಅವರೂ ಅವಳ ಅಂಗಿ ಎತ್ತಿ ನೋಡುವುದನ್ನು ಕಿಟಕಿಯಿಂದ ಕಂಡೆ.

ಒಂದು ದಿನ ಅವರ ಕೂಗು ಕೇಳಿ ಓಡಿದೆ. ಕಿನಾಂತಿಯ ಮೊಣಕೈಯ ಮೇಲೆ ಕಪ್ಪು ಮಚ್ಚೆ. ಅತ್ತೆ ಅವಳ ತೋಳನ್ನು ಬೆಳಕಿಗೆ ಹಿಡಿದಿದ್ದರು. "ನಿನ್ನೆ ಇರ್ಲಿಲ್ಲ. ತಾರೀ, ನಿನ್ನೆ ಇರ್ಲಿಲ್ಲ ಕಣೇ." ಜುಮಾದಿ ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಮಚ್ಚೆ ಹರಡಿತು, ಅಳಿಸಿತು. ಒಲೆಯ ಮಸಿ.

ಅತ್ತೆ ಒಳಗೆ ಹೋದರು. ಅಕ್ಕಿ ಡಬ್ಬ ಸರಿಸುವ ಸದ್ದು ಕೇಳಿಸಿತು. ಆಮೇಲೆ ಲೋಟಕ್ಕೆ ನೀರು ಸುರಿಯುವ ಸದ್ದು.

"ದಿನಕ್ಕೆ ಎಷ್ಟು ಸಲವೇ ಇದು?" ಒಳಗಿನಿಂದಲೇ ಕೇಳಿದರು.

"ಎರಡು ಸಲ ಅತ್ತೆ. ಊಟ ಆದ ಮೇಲೆ."

ಬಕ್ರೀದ್‌ಗೆ ಕೆಲವೇ ದಿನ ಉಳಿದಿದ್ದಾಗ ದೊಡ್ಡಮಾವನ ಹೆಂಡತಿ ದೊಡ್ಡತ್ತೆ ಬೇಲಿಯಾಚೆಯಿಂದ ಜುಮಾದಿಯನ್ನು ಕರೆದು ಹೇಳಿದರಂತೆ: ಯೊನೊ ಒಯ್ದಿದ್ದ ಚೂರಿ ಹಬ್ಬಕ್ಕೆ ಬೇಕು. ದೊಡ್ಡಮಾವ ಬಲಿಗೆ ಬಳಸುವ ಚೂರಿ ಅದು, ಅವರ ತಂದೆಯದು. ನಮ್ಮ ಹಸು ಬಿದ್ದ ಬೆಳಿಗ್ಗೆ ದೊಡ್ಡಮಾವ ಪಕ್ಕದ ಊರಿಗೆ ಹೋಗಿದ್ದರಿಂದ ಯೊನೊ ಅದನ್ನು ಕಡ ತಂದಿದ್ದರು.

"ತೀರಿಹೋದೋರು ಕಡ ತಂದದ್ದು ಮನೇಲಿ ಇರಬಾರದು," ಎಂದರು ಅತ್ತೆ. "ಅವನಿಗೆ ಅಲ್ಲಿ ಭಾರ ಆಗುತ್ತೆ. ನೀನೇ ಕೊಟ್ಟು ಬಾ. ಹೆಂಡತಿ ನೀನು."

ಅಂಗಳಕ್ಕೆ ಔಷಧಿ ಹೊಡೆದ ದಿನವೇ ಸಂಶೋಧಕರು ಚೂರಿಯನ್ನು ಒಯ್ದಿದ್ದರು. ಆವಿಯ ಯಂತ್ರದಲ್ಲಿಟ್ಟು ಶುದ್ಧ ಮಾಡಿ ಬು ಲಸ್ತ್ರಿಯ ಕೈಲಿ ವಾಪಸ್ ಕಳಿಸಿದ್ದರು. ಅಲಗು ಹಾಗೇ ಇತ್ತು. ಕೊಂಬಿನ ಹಿಡಿ ಬಿರಿದು ಹೋಗಿತ್ತು. ಜುಮಾದಿ ಹಲಸಿನ ಮರದ ತುಂಡು ಕೆತ್ತಿ ಹೊಸ ಹಿಡಿ ಹಾಕಿದ. ಎರಡು ಸಂಜೆ ಹಿಡಿಯಿತು.

"ಹಳೇದರ ಹಾಗಿಲ್ಲ," ಎಂದ. "ದೊಡ್ಡಪ್ಪ ಬೈತಾರೆ."

"ಬೈದ್ರೆ ಬೈಸ್ಕೋತೀನಿ," ಎಂದೆ.

ಬಟ್ಟೆಯಲ್ಲಿ ಸುತ್ತಿಕೊಂಡು ಬೇಲಿ ದಾಟಿದೆ. ದೊಡ್ಡತ್ತೆ ಬಾಗಿಲಲ್ಲೇ ನಿಂತರು.

"ಅವರಿಲ್ಲ ತಾರಿ. ತೋಟಕ್ಕೆ ಹೋಗಿದಾರೆ. ನನ್ನ ಕೈಗೆ ಕೊಡು."

ಮೆಟ್ಟಿಲ ಕೆಳಗೆ ಅವರ ಚಪ್ಪಲಿ ಇತ್ತು. ಒಳಗಿನಿಂದ ಕೆಮ್ಮು ಕೇಳಿಸಿತು.

"ಯಾರೇ ಅದು?"

"ನಾನು ದೊಡ್ಡಮಾವ. ಚೂರಿ ತಂದಿದೀನಿ."

ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಬಲಭುಜದ ಮೇಲಿಂದ ಪಂಚೆಯನ್ನು ಶಾಲಿನಂತೆ ಇಳಿಬಿಟ್ಟಿದ್ದರು. ಮುಖ ಇಳಿದಿತ್ತು. ಕಣ್ಣು ಕೆಂಪಗಿದ್ದವು.

"ಬಾ ಡಾಕ್ಟ್ರಮ್ಮ," ಎಂದರು. "ಇನ್ನೂ ಯಾರ್ಯಾರ ಕೈಗೆ ಸೂಜಿ ಚುಚ್ಚಿಸ್ಬೇಕು ಅಂತಿದೀಯ?"

ನಾನು ಚೂರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಹಿಡಿಯನ್ನು ಅವರ ಕಡೆ ತಿರುಗಿಸಿ, ಎರಡು ಕೈಯಲ್ಲೂ ಚಾಚಿದೆ. "ಹಿಡಿ ಒಡೀತು. ಜುಮಾದಿ ಹೊಸದು ಹಾಕಿದಾನೆ. ಕಡ ತಂದೋರ ಪರವಾಗಿ ಕ್ಷಮೆ ಕೇಳ್ತೀನಿ."

ಅವರು ಎಡಗೈ ಚಾಚಿದರು.

ನಾನು ಕೊಡಲಿಲ್ಲ. ಅವರ ಕೈ ಗಾಳಿಯಲ್ಲೇ ಇತ್ತು. ದೊಡ್ಡತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅಲ್ಲೇ ಇಟ್ಟು ಹೋಗು," ಎಂದರು ದೊಡ್ಡಮಾವ.

"ಹಬ್ಬದ ದಿನ ಯಾವ ಕೈಲಿ ಕೊಯ್ತೀರಿ ದೊಡ್ಡಮಾವ?"

ಅವರು ಬೆಂಚಿನ ಮೇಲೆ ಕೂತರು. ದೊಡ್ಡತ್ತೆ ಅಳತೊಡಗಿದರು. "ಬೇಡ ಅಂದೆ ತಾರಿ. ಫ್ರಿಜ್‌ನಲ್ಲಿಟ್ಟಿದ್ದನ್ನ ಎಸೀರಿ ಅಂದೆ. ಮಾಂಸ ಎಸೀತಾರೇನೇ ಅಂತ ತಾವೇ ಕೂತು ಕತ್ತರಿಸಿದ್ರು. ಇನ್ನೂ ಅರ್ಧ ಪೊಟ್ಟಣ ಹಾಗೇ ಇದೆ."

"ಮುಚ್ಚೇ ಬಾಯಿ," ಎಂದರು. ಧ್ವನಿ ಏರಲಿಲ್ಲ. ನನ್ನನ್ನು ನೋಡಿದರು. "ಆಸ್ಪತ್ರೆಗೆ ಹೋದ ನಿನ್ನ ಗಂಡ ವಾಪಸ್ ಬಂದನೇನಮ್ಮ?"

"ಅವರು ಹಸು ವಿಷಯ ಹೇಳ್ದೆ ಹೋದ್ರು. ನೀವು ಹೇಳ್ಕೊಂಡು ಹೋಗಿ."

"ಊರಿನೋರು ಏನಂತಾರೆ? ನಾನೇ ತಾನೆ ಅವರ ಬಾಯಿ ಮುಚ್ಚಿಸಿದ್ದು."

ನಾನು ಚೂರಿಯನ್ನು ಚಾಚಿಕೊಂಡೇ ನಿಂತಿದ್ದೆ. ತೋಳು ನೋಯತೊಡಗಿತ್ತು. ಬೀದಿಯಲ್ಲಿ ಯಾರೋ ಹಬ್ಬದ ಹೋತ ಎಳೆದುಕೊಂಡು ಹೋಗುತ್ತಿದ್ದರು. ಅದರ ಕೂಗು ದೂರವಾಗುವವರೆಗೂ ಅವರು ತಲೆ ಬಗ್ಗಿಸಿ ಕೂತಿದ್ದರು.

ಆಮೇಲೆ ಪಂಚೆಯನ್ನು ಭುಜದಿಂದ ಜಾರಿಸಿದರು. ಬಲಗೈ ಮೊಣಕೈವರೆಗೆ ಊದಿತ್ತು. ಹೆಬ್ಬೆರಳಿನ ಬುಡದಲ್ಲಿ ಇದ್ದಿಲಿನ ಚೂರಿನಂಥ ಹುಣ್ಣು, ಸುತ್ತ ನೀರುಗುಳ್ಳೆ. ಅಂಗೈ ಮೇಲಾಗಿ ಆ ಕೈಯನ್ನೇ ನನ್ನ ಮುಂದೆ ಚಾಚಿದರು.

"ಕೊಡು," ಎಂದರು. "ಸರಿಯಾಗಿ ಕೊಡು."

ಕೊಟ್ಟೆ. ಚೂರಿಯನ್ನು ಮತ್ತೆ ಶುದ್ಧ ಮಾಡಿಸಬೇಕು ಎಂಬುದಷ್ಟೇ ಆಗ ಹೊಳೆದದ್ದು.

"ನೋವೇ ಇಲ್ಲ ತಾಯಿ," ಎಂದರು ಅವರು, ಹುಣ್ಣನ್ನೇ ನೋಡುತ್ತಾ. "ಒಂಚೂರೂ ಇಲ್ಲ. ಅದಕ್ಕೇ ಹೆದರಿಕೆ."

ನಾನು ಬೇಲಿಯ ಕಡೆ ತಿರುಗಿ ಜುಮಾದಿಯನ್ನು ಕೂಗಿದೆ, ಬೈಕ್ ತೆಗಿ ಎಂದು. ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೂಗಿದೆ. ದೊಡ್ಡಮಾವ ಸುಮ್ಮನಿರು ಅನ್ನಲಿಲ್ಲ.